ಅಲಮೇಲುವಿನ ಸಾಲು

ಮಲಾಡ್ (ಪಶ್ಚಿಮ)
5 ಆಗಸ್ಟ್ 1990, ಭಾನುವಾರ

ಅಲಮೇಲು,

ನನ್ನ ಅಕ್ಷರ ನೋಡಿದ ಕೂಡಲೇ ಕವರನ್ನು ಪಕ್ಕಕ್ಕೆ ಎಸೆಯಬೇಡ. ಇದು ಆಫೀಸಿನ ವಿಷಯ. ಆಫೀಸಿನ ವಿಷಯ ಯಾರು ಬರೆದರೂ ಓದಬೇಕು ಎಂದು ನೀನೇ ಹೇಳುತ್ತಿದ್ದೆ.

ಫೋನ್ ಮಾಡಬಹುದಿತ್ತು. ಪವಾಯಿಯಲ್ಲಿ ನೀನಿರುವ ಕಂಪ್ಯೂಟರ್ ಸೆಂಟರಿನ ನಂಬರು ನನ್ನ ಡೈರಿಯಲ್ಲಿದೆ. ಎರಡು ಸಲ ಡಯಲ್ ಮಾಡಿದೆ, ಅತ್ತ ಕಡೆಯಿಂದ ಯಾರೋ 'ಹಲೋ' ಅಂದ ಕೂಡಲೇ ಇಟ್ಟುಬಿಟ್ಟೆ. ಒಂದೇ ಊರಿನಲ್ಲಿದ್ದುಕೊಂಡು ಅಂಚೆಪೆಟ್ಟಿಗೆ ಹುಡುಕಿಕೊಂಡು ಹೋಗುವವಳು ನಾನೊಬ್ಬಳೇ ಇರಬೇಕು.

ವಿಷಯ ಇಷ್ಟು. ಪರೇಲಿನ ನಮ್ಮ ಆಸ್ಪತ್ರೆಯಲ್ಲಿ ನೀನೂ ನಾನೂ ಕೂತು ಕಂಪ್ಯೂಟರಿಗೆ ಏರಿಸಿದ ರಕ್ತದಾನಿಗಳ ರಿಜಿಸ್ಟರ್ ಈಗಲೂ ನಡೆಯುತ್ತಿದೆ. ಅದನ್ನು ತೆರೆಯುವವರ ಹೆಸರು, ಹೆಸರಿನ ಎದುರಿಗೆ ಅವರವರ ಪಾಸ್‌ವರ್ಡ್, ಒಂದು ಪಟ್ಟಿಯಲ್ಲಿ ಸಾಲಾಗಿ, ಬಿಚ್ಚಿಟ್ಟ ಹಾಗೆ ಬಿದ್ದಿವೆ. ಯಂತ್ರದ ಉಸ್ತುವಾರಿ ಯಾರದೋ ಅವರು, ಅಂದರೆ ನಾನು, ಎಲ್ಲರದನ್ನೂ ಓದಬಹುದು. ಇದನ್ನು ಬದಲಾಯಿಸಬೇಕೆಂದು ಹೊರಟಿದ್ದೇನೆ. ಯಾರೂ ಹೇಳಿಲ್ಲ, ನನಗೇ ಅನ್ನಿಸಿದೆ.

ಪದವನ್ನು ಇದ್ದ ಹಾಗೆ ಇಡದೆ ರುಬ್ಬಿ ಇಡುವುದು. ರುಬ್ಬಿದ ಚಟ್ನಿಯಿಂದ ತೆಂಗಿನಕಾಯಿ ವಾಪಸ್ ಬರುವುದಿಲ್ಲವಲ್ಲ, ಹಾಗೆ. ಮಾರನೆಯ ದಿನ ಅದೇ ಮನುಷ್ಯ ಬಂದು ಅದೇ ಪದ ಟೈಪ್ ಮಾಡಿದರೆ ಅದನ್ನೂ ಅದೇ ರೀತಿ ರುಬ್ಬಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಒಂದೇ ಆಗಿದ್ದರೆ ಒಳಗೆ ಬಿಡುವುದು. ಇಟ್ಟದ್ದು ಏನೆಂದು ಯಂತ್ರಕ್ಕೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ.

ಪ್ರೋಗ್ರಾಂ ಅರ್ಧ ಬರೆದಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಇಬ್ಬರು ಒಂದೇ ಪದ ಇಟ್ಟುಕೊಂಡಿದ್ದರೆ ರುಬ್ಬಿದ್ದೂ ಒಂದೇ ಬರುತ್ತದೆ. ನಮ್ಮ ನರ್ಸುಗಳಲ್ಲಿ ಒಂಬತ್ತು ಜನ ಗಣಪತಿಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಒಬ್ಬಳದು ತಿಳಿದರೆ ಒಂಬತ್ತೂ ತಿಳಿದ ಹಾಗೆ. ಏನು ಮಾಡಲಿ?

8.17ರ ಸ್ಲೋ ಲೋಕಲ್ ಈಗಲೂ 8.17ಕ್ಕೆ ಬರುವುದಿಲ್ಲ. ನೀನು ನಮ್ಮ ಬಿಲ್ಡಿಂಗ್ ಬಿಟ್ಟು ಹೋದ ಮೇಲೂ ನಾನು ಅದೇ ಹೆಂಗಸರ ಡಬ್ಬಿಗೆ ಹತ್ತುತ್ತೇನೆ. ಒಂದು ಸೀಟು ಸಿಕ್ಕರೆ ಸಾಂತಾಕ್ರೂಜ್‌ವರೆಗೆ ನಾನು, ಅಲ್ಲಿಂದ ಎಲ್ಫಿನ್‌ಸ್ಟನ್ ರೋಡ್‌ವರೆಗೆ ನೀನು ಎಂದಿತ್ತಲ್ಲ. ಸಾಂತಾಕ್ರೂಜ್ ಬಂದ ಕೂಡಲೇ ಈಗಲೂ ಎದ್ದು ನಿಲ್ಲುತ್ತೇನೆ. ಮೊನ್ನೆ ಪಕ್ಕದವಳು ಮರಾಠಿಯಲ್ಲಿ ಕೇಳಿದಳು, ಇಳಿಯುವುದು ಇಲ್ಲೇನಾ ಎಂದು. ಅಲ್ಲ ಎಂದು ಹೇಳಿ ನಿಂತೇ ಇದ್ದೆ. ಅಷ್ಟರಲ್ಲಿ ಅವಳೇ ಆ ಜಾಗಕ್ಕೆ ಬ್ಯಾಗಿಟ್ಟಳು.

ಉತ್ತರ ಬರೆ. ಆಫೀಸಿನ ವಿಷಯಕ್ಕಷ್ಟೇ ಬರೆದರೂ ಸಾಕು.

ಸುಮಿತ್ರಾ

*

ಪವಾಯಿ
20 ಆಗಸ್ಟ್ 1990

ಕುಮಾರಿ ಸುಮಿತ್ರಾ ಅವರಿಗೆ,

ನಿಮ್ಮ ಪತ್ರ ತಲುಪಿತು.

ರುಬ್ಬುವ ಮೊದಲು ಪ್ರತಿಯೊಂದು ಪದಕ್ಕೂ ಎರಡೆರಡು ಅಕ್ಷರ ಸೇರಿಸಿ. ಒಬ್ಬೊಬ್ಬರಿಗೆ ಒಂದೊಂದು ಬೇರೆ ಜೋಡಿ. ಯಂತ್ರವೇ ತನಗೆ ತೋಚಿದ್ದನ್ನು ಆರಿಸಿಕೊಳ್ಳಲಿ. ಆ ಎರಡು ಅಕ್ಷರವನ್ನು ಪಟ್ಟಿಯಲ್ಲಿ ಪಕ್ಕದಲ್ಲೇ ಬರೆದಿಟ್ಟರೂ ತೊಂದರೆಯಿಲ್ಲ. ಈ ಕೆಲಸ ಮಾಡುವವರು ಅದನ್ನು ಉಪ್ಪು ಎಂದೇ ಕರೆಯುತ್ತಾರೆ. ಉಪ್ಪು ಬೇರೆಯಾದರೆ ಒಂದೇ ಪದದಿಂದ ಒಂಬತ್ತು ಬೇರೆ ಬೇರೆ ಗುರುತು ಹುಟ್ಟುತ್ತವೆ. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿಯುವ ತಪ್ಪು ಆಗ ಆಗುವುದಿಲ್ಲ.

ಹಳೆಯ ಪಟ್ಟಿಯ ಒಂದು ನಕಲು ಬ್ಯಾಕಪ್ ತೆಗೆದಿಡುವ ಟೇಪಿನಲ್ಲಿಯೂ ಇರುತ್ತದೆ. ಅದನ್ನೂ ಅಳಿಸಿ. ಸಾಮಾನ್ಯವಾಗಿ ಜನ ಮರೆಯುತ್ತಾರೆ.

ಇತಿ,
ಅಲಮೇಲು

*

ಮಲಾಡ್
16 ಸೆಪ್ಟೆಂಬರ್ 1990, ಭಾನುವಾರ

ಅಲಮೇಲು,

'ಕುಮಾರಿ ಸುಮಿತ್ರಾ ಅವರಿಗೆ' ಎಂಬುದನ್ನು ನಾಲ್ಕು ಸಲ ಓದಿದೆ. ನನ್ನನ್ನು ನೀವು ಎಂದು ಕರೆಯುವವರು ಆಸ್ಪತ್ರೆಯಲ್ಲಿಯೂ ಇಲ್ಲ. ಆದರೂ ಬರೆದೆಯಲ್ಲ.

ಉಪ್ಪು ಹಾಕಿದೆ. ನಿನ್ನೆ ಶನಿವಾರ ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಹಳೆಯ ಪಟ್ಟಿಯನ್ನು ತೆರೆದುಕೊಂಡು ಕೂತೆ. ಒಟ್ಟು ನಲವತ್ತೆರಡು ಸಾಲು. ಒಂದೊಂದಾಗಿ ರುಬ್ಬಿದೆ. ಒಂದೇ ಏಟಿಗೆ ಮಾಡಬಹುದಿತ್ತು, ಆದರೆ ಕೊನೆಯ ಸಲ ನೋಡುತ್ತಿದ್ದೇನೆ ಎಂದು ನಿಧಾನ ಮಾಡಿದೆ. ಜನ ಏನೇನು ಇಟ್ಟುಕೊಂಡಿರುತ್ತಾರೆ ಕಣೆ! ಮೂರು ಜನ ತಮ್ಮ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಮೇಟ್ರನ್ ತಾವು ಬೈಯುವ ಬೈಗುಳವನ್ನೇ ಇಟ್ಟುಕೊಂಡಿದ್ದಾರೆ. ಎಂಟರ್ ಒತ್ತಿದ ಕೂಡಲೇ ಒಂದೊಂದೂ ಅರ್ಥವಿಲ್ಲದ ಹದಿಮೂರು ಅಕ್ಷರವಾಗಿ ಹೋಗುತ್ತಿತ್ತು.

ಇಪ್ಪತ್ತೊಂದನೆಯದು ನಿನ್ನ ಸಾಲು. ಕೆಲಸ ಬಿಟ್ಟವರ ಸಾಲನ್ನು ಅದೇ ದಿನ ಅಳಿಸಬೇಕೆಂದು ನಿಯಮವಿದೆ. ನಾನು ಅಳಿಸಿಲ್ಲ. ಅಲ್ಲಿಗೆ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದೆ.

ನಮ್ಮ ಕೋಣೆಯಲ್ಲಿ ನೀನು ಶುರು ಮಾಡಿದ ಒಂದು ರೂಢಿ ನೆನಪಿದೆಯಾ? ಒಬ್ಬರು ಪಾಸ್‌ವರ್ಡ್ ಟೈಪ್ ಮಾಡುವಾಗ ಇನ್ನೊಬ್ಬರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ನಾನು ನಗುತ್ತಿದ್ದೆ. "ಪಟ್ಟೀಲೇ ಕಾಣ್ಸುತ್ತಲ್ಲೇ ಎಲ್ಲಾ, ಗೋಡೆ ನೋಡಿ ಏನು ಬಂತು?" ಅನ್ನುತ್ತಿದ್ದೆ. "ನೋಡಬಹುದು ಅಂತ ನೋಡಬೇಕಾ?" ಅಂದಿದ್ದೆ ನೀನು.

ಕೊನೆಗೆ ನಿನ್ನದನ್ನೂ ರುಬ್ಬಿದೆ. ಇನ್ನು ಮುಂದೆ ಆ ಕೋಣೆಯಲ್ಲಿ ಯಾರೂ ಇನ್ನೊಬ್ಬರ ಹೆಸರಿನಲ್ಲಿ ಕೂರುವುದಕ್ಕೆ ಆಗುವುದಿಲ್ಲ.

ಇದಿಷ್ಟೇ ಬರೆಯಬೇಕೆಂದು ಕೂತಿದ್ದಲ್ಲ. ಇವತ್ತು ಇಷ್ಟೇ ಬರುತ್ತಿದೆ.

ನಿನ್ನ
ಸುಮಿತ್ರಾ

*

ಮಲಾಡ್
21 ಅಕ್ಟೋಬರ್ 1990, ಭಾನುವಾರ

ಅಲಮೇಲು,

ಐದು ವಾರದಿಂದ ಪೋಸ್ಟ್‌ಮ್ಯಾನ್ ನಮ್ಮ ಬಾಗಿಲು ದಾಟಿ ಹೋಗುತ್ತಿದ್ದಾನೆ. ನೀನು ಬರೆಯದಿರುವುದು ಸರಿ. ನಾನು ಸುತ್ತು ಬಳಸುತ್ತಿದ್ದರೆ ನೀನಾದರೂ ಏಕೆ ಬರೆಯಬೇಕು?

1988ರ ಜುಲೈ 16. ಶನಿವಾರ. ಊರಿನಿಂದ ಬಂದಿದ್ದ ನಿನ್ನ ಸೋದರತ್ತೆಯನ್ನು ಮಾಟುಂಗಾಕ್ಕೆ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಬೇಕಿತ್ತು. ರಜೆ ಬರೆದುಕೊಟ್ಟಿರಲಿಲ್ಲ. "ನೀನು ಹೋಗೆ, ನಾನು ನೋಡ್ಕೋತೀನಿ" ಅಂದವಳು ನಾನು. ಬಂದ ಹೊತ್ತಿಗೆ ಮಾತ್ರ ಸಹಿ ಹಾಕುವುದಿತ್ತು, ಹೋದ ಹೊತ್ತನ್ನು ಯಾರೂ ಬರೆಯುತ್ತಿರಲಿಲ್ಲ.

ಎರಡೂವರೆಗೆ ವಾರ್ಡಿನಿಂದ ಫೋನ್ ಬಂತು. ಹಣಮಂತ ಎಂಬ ದಾನಿಯ ರಕ್ತದ ಗುಂಪು ರಿಜಿಸ್ಟರಿನಲ್ಲಿ ತಪ್ಪಾಗಿದೆ, ಅವನದು ಓ ನೆಗೆಟಿವ್, ಈಗಲೇ ತಿದ್ದಿ ಎಂದರು. ಸೋಮವಾರ ಹೆರಿಗೆ ವಾರ್ಡಿನ ದೇವಕ್ಕನಿಗೆ ಆಪರೇಷನ್, ಆ ರಕ್ತ ಬೇಕಾಗಬಹುದು ಎಂದರು. ದಾನಿಗಳ ವಿವರ ತಿದ್ದುವ ಹಕ್ಕು ನಿನಗೆ ಮಾತ್ರ ಇತ್ತು. ನನಗೆ ಇರಲಿಲ್ಲ. ಪಟ್ಟಿ ತೆರೆದೆ. ನಿನ್ನ ಸಾಲಿನಲ್ಲಿ ನಿನ್ನ ಪಾಸ್‌ವರ್ಡ್ ನೋಡಿದೆ. ನಮ್ಮ ರೈಲು. ಮಲಾಡ್, ಅದರ ಮುಂದೆ ಎಂಟು ಹದಿನೇಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಕೇಳಿಯೇ ತೆಗೆದುಕೊಂಡ ಹಾಗೆ ಅನ್ನಿಸಿಬಿಟ್ಟಿತು. ನಾವಿಬ್ಬರೂ ಒಂದು ಸೀಟಿನಲ್ಲಿ ಕೂರುವವರು, ಒಂದು ಹೆಸರಿನಲ್ಲಿ ಕೂತರೇನು ಎಂದುಕೊಂಡೆ.

ನಿನ್ನ ಹೆಸರಿನಲ್ಲಿ ಒಳಗೆ ಹೋದೆ. ಹಣಮಂತ ಎಂದು ಹುಡುಕಿದೆ. ಬಿಜಾಪುರ ಜಿಲ್ಲೆ, ಗೌಂಡಿ ಕೆಲಸ, ಪರೇಲಿನ ಸೈಟು. ಸಿಕ್ಕಿತು. ತಿದ್ದಿದೆ. ಅದರ ಕೆಳಗೇ ಇನ್ನೊಬ್ಬ ಹಣಮಂತನಿದ್ದ, ಅದೇ ಜಿಲ್ಲೆ, ಅದೇ ಸೈಟು. ನಾನು ಕೆಳಗೆ ನೋಡಲೇ ಇಲ್ಲ. ನೀನಾಗಿದ್ದರೆ ತಂದೆಯ ಹೆಸರು ಕೇಳದೆ ಮುಟ್ಟುತ್ತಿರಲಿಲ್ಲ.

ಸೋಮವಾರ ನಡೆದದ್ದು ನಿನಗೆ ಗೊತ್ತು. ನಾನು ತಪ್ಪಾಗಿ ತಿದ್ದಿದ್ದ ಹಣಮಂತನನ್ನು ಕರೆಸಿದರು. ಲ್ಯಾಬಿನವರು ಪರೀಕ್ಷಿಸಿ ತಡೆದರು. ಸರಿಯಾದವನನ್ನು ಹುಡುಕಿ ತರುವಷ್ಟರಲ್ಲಿ ಮೂರು ಗಂಟೆ ಹೋಯಿತು. ದೇವಕ್ಕನೂ ಮಗುವೂ ಉಳಿದರು, ಅದು ನನ್ನ ಪುಣ್ಯವಲ್ಲ, ಅವರದು. ಆಮೇಲೆ ವಿಚಾರಣೆ. ಕಂಪ್ಯೂಟರ್ ತೆಗೆದು ನೋಡಿದರೆ ಅಲಮೇಲು, ಶನಿವಾರ, 2.40. "ನಾನು ಆಗ ಇಲ್ಲಿರಲೇ ಇಲ್ಲ" ಎಂದು ನೀನು ಹೇಳಿದೆ. "ಹೇಳದೇ ಕೇಳದೇ ಹೋಗಿದ್ಯಾ ಹಾಗಾದ್ರೆ?" ಎಂದು ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಏಕೆ ಎಂದು ಬರೆಯಲು ಎರಡು ಹಾಳೆ ಹರಿದು ಹಾಕಿದೆ. ಹೆದರಿದ್ದೆ. ಅಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಯ ದಿನ ನಿನಗೆ ಮೆಮೋ ಬಂತು. ಅದರ ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು.

ಸುಮಿತ್ರಾ

*

ಪವಾಯಿ
12 ನವೆಂಬರ್ 1990

ಸುಮಿತ್ರಾ,

ನನಗೆ ಆವತ್ತೇ ಗೊತ್ತಿತ್ತು. ಪಟ್ಟಿ ಓದಬಲ್ಲವರು ಇಡೀ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು. ಇದನ್ನು ಲೆಕ್ಕ ಹಾಕುವುದಕ್ಕೆ ನನಗೆ ಕಂಪ್ಯೂಟರ್ ಬೇಕಿರಲಿಲ್ಲ.

ಮಂಗಳವಾರದಿಂದ ಶುಕ್ರವಾರದವರೆಗೆ ಕಾದೆ. ದಿನಾ ನಿನ್ನ ಪಕ್ಕದಲ್ಲೇ ರೈಲಿನಲ್ಲಿ ಬಂದೆ. ಸಾಂತಾಕ್ರೂಜ್‌ನಲ್ಲಿ ನೀನು ಎದ್ದು ನನಗೆ ಸೀಟು ಬಿಟ್ಟುಕೊಟ್ಟೆ. ನಾಲ್ಕು ದಿನವೂ ಬಿಟ್ಟುಕೊಟ್ಟೆ. ಈಗ ಹೇಳುತ್ತಾಳೆ, ಇನ್ನೊಂದು ಸ್ಟೇಷನ್ ಹೋದರೆ ಹೇಳುತ್ತಾಳೆ ಎಂದುಕೊಂಡು ಕೂರುತ್ತಿದ್ದೆ. ನಿನ್ನ ಹೆಸರನ್ನು ನಾನೇ ಹೇಳಿಬಿಡಬಹುದಿತ್ತು. ನೀನು ಹೇಳಬೇಕೆಂದಿತ್ತು ನನಗೆ. ಶನಿವಾರ ರಾಜೀನಾಮೆ ಕೊಟ್ಟೆ.

ಈಗ ನನಗೆ ಬರೆದು ಹಗುರವಾಗುತ್ತಿದ್ದೀಯ. ನನಗೆ ಬರೆದರೆ ಏನಾಯಿತು? ಗೊತ್ತಿರುವವಳಿಗೆ ಗೊತ್ತಿರುವುದನ್ನು ಹೇಳಿದ್ದೀಯ. ಇಲ್ಲಿ ನನ್ನದು ಎರಡು ವರ್ಷದಿಂದ ಹಂಗಾಮಿ ಕೆಲಸ. ಮಾರ್ಚ್‌ನಲ್ಲಿ ಕಾಯಂ ಮಾಡಲು ಇಂಟರ್‌ವ್ಯೂ ಇದೆ. ಹಿಂದಿನ ಜಾಗದಿಂದ ಸರ್ಟಿಫಿಕೇಟ್ ತನ್ನಿ ಎನ್ನುತ್ತಾರೆ. ಆ ಮೆಮೋ ಇರುವ ತನಕ ನಿಮ್ಮ ಆಸ್ಪತ್ರೆ ಏನು ಬರೆದುಕೊಡುತ್ತದೆಂದು ನಿನಗೂ ಗೊತ್ತು. ಹೇಳಬೇಕಾದ ಕಡೆ ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಅಲಮೇಲು

*

ಮಲಾಡ್
6 ಜನವರಿ 1991, ಭಾನುವಾರ

ಅಲಮೇಲು,

ಬರೆಯಬೇಡ ಎಂದಿದ್ದೆ. ಹೇಳಿ ಬಂದ ಮೇಲೆಯೇ ಬರೆಯುತ್ತಿದ್ದೇನೆ.

ಏಳು ವಾರ ಹಿಡಿಯಿತು. ಮೂರು ಸಲ ಸುಪರಿಂಟೆಂಡೆಂಟ್ ಸತ್ಯಮೂರ್ತಿಯವರ ಬಾಗಿಲವರೆಗೆ ಹೋಗಿ, ಒಳಗೆ ಯಾರೋ ಇದ್ದಾರೆಂದು ನೆಪ ಹೇಳಿಕೊಂಡು ಹಿಂದೆ ಬಂದೆ. ಮೂರನೆಯ ಸಲ ಒಳಗೆ ಯಾರೂ ಇರಲಿಲ್ಲ. ಮೊನ್ನೆ ಗುರುವಾರ ಕಾಗದದಲ್ಲಿ ಎಲ್ಲವನ್ನೂ ಬರೆದು, ಕೆಳಗೆ ಸಹಿ ಹಾಕಿ, ಕೈಯಲ್ಲೇ ಹಿಡಿದುಕೊಂಡು ಹೋದೆ. ಇನ್ನು ವಾಪಸ್ ತರಲು ಆಗದ ಹಾಗೆ.

ಸತ್ಯಮೂರ್ತಿಯವರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಮ್ಮಾ ಇದು? ಎರಡೂವರೆ ವರ್ಷ ಆದ್ಮೇಲೆ ಹೇಳ್ತಾ ಇದೀಯ. ಈಗ ಯಾರೂ ಕೇಳ್ತಾನೂ ಇಲ್ವಲ್ಲ."

"ಕೇಳಿದಾಗ ಹೇಳಲಿಲ್ಲ ಸರ್. ಅದಕ್ಕೇ ಬಂದೆ."

"ಕಂಪ್ಯೂಟರಲ್ಲಿ ಆ ಹುಡುಗಿ ಹೆಸರಿತ್ತಲ್ಲಮ್ಮಾ. ನಾನು ಅದನ್ನ ನಂಬಿದೆ."

"ಅದಕ್ಕೆ ಪದ ಸರಿಯಾಗಿದ್ಯಾ ಅಂತ ಮಾತ್ರ ಗೊತ್ತು ಸರ್. ಕೂತಿರೋದು ಯಾರು ಅಂತ ಗೊತ್ತಿರಲಿಲ್ಲ."

ಕಾಗದವನ್ನು ಇನ್ನೊಮ್ಮೆ ಓದಿದರು. ಬೈದಿದ್ದರೆ ಚೆನ್ನಾಗಿತ್ತು. "ಆ ಹುಡುಗಿ ನನ್ನ ಮುಂದೆ ಅತ್ತಳು, ಗೊತ್ತಾ ನಿಂಗೆ?" ಎಂದರು. ನನಗೆ ಗೊತ್ತಿರಲಿಲ್ಲ. ನೀನು ಅಳುವುದನ್ನು ನಾನು ಒಂದು ಸಲವೂ ನೋಡಿಲ್ಲ.

ಮೆಮೋ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ತಪ್ಪು ನಿನ್ನದಲ್ಲವೆಂದು ಬರೆದ ಕಾಗದ, ಒಳ್ಳೆಯ ಸರ್ಟಿಫಿಕೇಟ್, ಎರಡೂ ತಯಾರಾಗುತ್ತವೆ. ಈ ತಿಂಗಳ ಕೊನೆಯ ವಾರ ನೀನೇ ಬಂದು ಸಹಿ ಹಾಕಿ ತೆಗೆದುಕೊಳ್ಳಬೇಕಂತೆ. ಅವರೇ ನಿನಗೆ ಬರೆಯುತ್ತಾರೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಂಪ್ಯೂಟರ್ ಕೋಣೆಯಿಂದ ತೆಗೆದು ನೆಲಮಾಳಿಗೆಯ ಹಳೆಯ ಫೈಲುಗಳ ಕೋಣೆಗೆ ಹಾಕಿದ್ದಾರೆ. ಇದು ಸರಿಯಾಗಿಯೇ ಇದೆ. ಅಲ್ಲಿ ಒಂದು ಕಿಟಕಿ, ಎಂಟು ಕಪಾಟು, ಬೇಕಾದಷ್ಟು ಧೂಳು.

ಆದ್ದರಿಂದ ನೀನು ಬಂದಾಗ ನಾನು ಎದುರಿಗೆ ಸಿಗುತ್ತೇನೆಂದು ಅಳುಕಬೇಡ. ಸತ್ಯಮೂರ್ತಿಯವರ ಕೋಣೆ ಮೇಲಿದೆ. ನಾನು ಮೇಲೆ ಬರುವುದಿಲ್ಲ.

ಒಂದೇ ಮಾತು. ಪಟ್ಟಿಯಲ್ಲಿ ನಿನ್ನ ಸಾಲು ಹಾಗೆಯೇ ಇದೆ. ಆ ಪದ ನನಗೆ ಗೊತ್ತಿದೆ, ಅದನ್ನು ನನ್ನ ತಲೆಯಿಂದ ರುಬ್ಬಿ ತೆಗೆಯುವ ಪ್ರೋಗ್ರಾಂ ಇಲ್ಲ. ನಿನಗೆ ಮನಸ್ಸಾದರೆ ನೀನೇ ಕೂತು ಬೇರೆ ಪದ ಇಡು. ಅಥವಾ ಸಾಲನ್ನೇ ಅಳಿಸಿಬಿಡು ಎಂದು ಅವರಿಗೆ ಹೇಳು. ನನ್ನ ಕೈಯಿಂದ ಅದು ಆಗಲಿಲ್ಲ.

ಸುಮಿತ್ರಾ

*

ಮಲಾಡ್
3 ಫೆಬ್ರವರಿ 1991, ಭಾನುವಾರ

ಅಲಮೇಲು,

ಯಾರು ಯಾವ ಹೊತ್ತಿಗೆ ರಿಜಿಸ್ಟರ್ ತೆರೆದರು ಎಂಬುದನ್ನು ಯಂತ್ರ ದಿನಾ ಸಂಜೆ ಒಂದು ಹಾಳೆಯಲ್ಲಿ ಅಚ್ಚು ಹಾಕುತ್ತದಲ್ಲ, ಅದು ಈಗ ಫೈಲಿಗೆ ಸೇರಲು ನನ್ನ ಹತ್ತಿರ ಬರುತ್ತದೆ. ತರುವವನು ನಿಂಗಣ್ಣ, ನಮಗೆ ಚಹಾ ತಂದುಕೊಡುತ್ತಿದ್ದನಲ್ಲ, ಅದೇ ಪ್ಯೂನ್. ಮಂಗಳವಾರ ಹಾಳೆ ಕೊಟ್ಟು ಹೋಗದೆ ಅಲ್ಲೇ ನಿಂತ.

"ಅಕ್ಕಾರ, ಇವತ್ತ ಅಲಮೇಲು ಅಕ್ಕಾರು ಬಂದಿದ್ರು ನೋಡ್ರಿ. ಸಾಹೇಬರ ಕಡೆ ಕಾಗದ ಇಸ್ಕೊಂಡು ಕಂಪ್ಯೂಟರ್ ರೂಮಿಗೂ ಬಂದ್ರು. ಚಾ ತರ್ಲೇನ್ರಿ ಅಂದೆ, ಬ್ಯಾಡ ಅಂದ್ರು."

"ನನ್ನ ವಿಷ್ಯ ಏನಾದ್ರೂ ಕೇಳಿದ್ರಾ ನಿಂಗಣ್ಣ?"

"ಇಲ್ರಿ." ಸ್ವಲ್ಪ ಯೋಚಿಸಿ, "ನೀವು ಕುಂದರತಿದ್ದ ಕುರ್ಚಿ ಯಾವ್ದು ಅಂತ ಕೇಳಿದ್ರು. ತೋರ್ಸಿದೆ. ಅದರಾಗ ಕುಂತ್ರು," ಅಂದ.

ಅವನು ಹೋದ ಮೇಲೆ ಹಾಳೆ ನೋಡಿದೆ. ಅಲಮೇಲು, 29 ಜನವರಿ, 11.20. ಹೊರಗೆ ಹೋದದ್ದು 11.31.

ಹಳೆಯ ಫೈಲುಗಳೆಲ್ಲ ಈಗ ನನ್ನ ಸುಪರ್ದಿಯಲ್ಲಿವೆ. 88ರ ಜುಲೈ ಕಟ್ಟನ್ನು ಇಳಿಸಿ ಆ ಶನಿವಾರದ ಹಾಳೆ ತೆಗೆದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಹೆಸರಿನಲ್ಲಿ ಏನೂ ವ್ಯತ್ಯಾಸವಿಲ್ಲ ಕಣೆ. ಅದೇ ಅಕ್ಷರ, ಅದೇ ಮಸುಕು ಶಾಯಿ. ಒಂದರಲ್ಲಿ ಕೂತಿದ್ದವಳು ನಾನು. ಇನ್ನೊಂದರಲ್ಲಿ ನೀನು. ಕಾಗದ ನೋಡಿ ಯಾರೂ ಹೇಳಲಾರರು, ನಾನು ಹೇಳಬಲ್ಲೆ.

ಹನ್ನೊಂದು ನಿಮಿಷ ನೀನು ಎರಡು ಮಹಡಿ ಮೇಲಿದ್ದೆ. ನಾನು ಕೆಳಗೆ ಹರಿದ ಫೈಲೊಂದಕ್ಕೆ ಗೋಂದು ಹಚ್ಚುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ಏನಾದರೂ ಅನ್ನಿಸಿತ್ತೇ ಎಂದು ನೆನಪು ಮಾಡಿಕೊಂಡೆ. ಏನೂ ಅನ್ನಿಸಿರಲಿಲ್ಲ. ಗೋಂದು ತೆಳ್ಳಗಾಗಿದೆ ಎಂದು ಬೈದುಕೊಳ್ಳುತ್ತಿದ್ದೆ.

ನನಗೆ ನಿನ್ನ ನೆನಪು ಬಹಳ ಆಗುತ್ತದೆ, ಅಲಮೇಲು. ಚಟ್ನಿ, ಉಪ್ಪು, ಪಟ್ಟಿ ಎಂದು ಇಷ್ಟೆಲ್ಲ ಬರೆದೆ. ಆಗಸ್ಟ್‌ನಲ್ಲಿಯೇ ಬರೆಯಬೇಕಾಗಿದ್ದದ್ದು ಇದು. ಕ್ಷಮಿಸು ಎಂದು ಕೇಳುವ ಧೈರ್ಯವಿಲ್ಲ. ನೋಡಬೇಕೆನ್ನಿಸುತ್ತದೆ, ಅಷ್ಟೇ.

ನಿನ್ನ
ಸುಮಿತ್ರಾ

*

ಪವಾಯಿ
11 ಫೆಬ್ರವರಿ 1991

ಸುಮಿತ್ರಾ,

ಕ್ಷಮಿಸಿದ್ದೇನೆಯೇ ಎಂದು ನೀನು ಕೇಳಿಲ್ಲ, ಒಳ್ಳೆಯದಾಯಿತು. ನನಗೂ ಗೊತ್ತಿಲ್ಲ. ಸಿಟ್ಟು ಇದೆ. ಆದರೆ ಅದನ್ನು ಹೇಳಿಕೊಳ್ಳುವುದಕ್ಕೂ ನಿನ್ನನ್ನು ಬಿಟ್ಟರೆ ಈ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲ.

ಸರ್ಟಿಫಿಕೇಟ್ ಇಲ್ಲಿ ಕೊಟ್ಟಾಯಿತು. ಸತ್ಯಮೂರ್ತಿಯವರು ಎದ್ದು ನಿಂತು ಕಾಗದ ಕೊಟ್ಟರು. ಹೊರಗೆ ಬಂದಾಗ ನಮ್ಮ ಕೋಣೆಯ ಬಾಗಿಲು ತೆರೆದಿತ್ತು. ನಿನ್ನ ಕುರ್ಚಿಯ ಒಂದು ಕಾಲು ಈಗಲೂ ಗಿಡ್ಡ. ಕೆಳಗೆ ಮಡಿಸಿಟ್ಟ ರಟ್ಟು ಈಗಲೂ ನಾನಿಟ್ಟದ್ದೇ.

ಹಳೆಯ ಪದವನ್ನೇ ಮೊದಲು ಹಾಕಿದೆ. ತೆರೆಯಿತು. ಎರಡೂವರೆ ವರ್ಷದ ಮೇಲೂ ಯಾವ ಪ್ರಶ್ನೆಯೂ ಇಲ್ಲದೆ ತೆರೆಯಿತು. ರುಬ್ಬಿದ ಮೇಲೆ ಪಟ್ಟಿಯನ್ನು ಎಲ್ಲರೂ ನೋಡುವ ಹಾಗೆ ಬಿಟ್ಟಿದ್ದೀಯ, ಅಲ್ಲಿ ನನ್ನ ಸಾಲು ನೋಡಿದೆ. ನಿನ್ನ ರುಬ್ಬುವಿಕೆ ಚೆನ್ನಾಗಿದೆ. ನಾನು ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ಆಮೇಲೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲವರೆಗೆ ಬಂದೆ. ಫೈಲು ಎತ್ತಿ ಇಡುವ ಸದ್ದು ಕೇಳುತ್ತಿತ್ತು. ಇಳಿಯಲಾಗಲಿಲ್ಲ.

ಬರುವ ಭಾನುವಾರ ಸಂಜೆ ಐದಕ್ಕೆ ಎಲ್ಫಿನ್‌ಸ್ಟನ್ ರೋಡಿನಿಂದ ಪರೇಲಿಗೆ ದಾಟುವ ಸೇತುವೆಯ ಮೇಲೆ ಇರುತ್ತೇನೆ. ನೀನು ಎಲ್ಫಿನ್‌ಸ್ಟನ್ ಕಡೆಯಿಂದ ಬಾ, ನಾನು ಪರೇಲ್ ಕಡೆಯಿಂದ ಬರುತ್ತೇನೆ. ತಡವಾದರೆ ಕಾಯುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಕಾಯುತ್ತೇನೆ.

ಸಾಲನ್ನು ಅಳಿಸಲು ಹೇಳಲಿಲ್ಲ. ಪದ ಬದಲಾಯಿಸಿದೆ. ಹೊಸದು ಏನೆಂದು ನೀನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಆದರೆ ಅದನ್ನು ಟೈಪ್ ಮಾಡುವ ಮೊದಲು, ಹಳೆಯ ಅಭ್ಯಾಸ ನೋಡು, ಕೈ ತಡೆದು ಹಿಂದೆ ತಿರುಗಿದೆ, ನೀನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೀಯಾ ಎಂದು. ಅಲ್ಲಿ ಬರೀ ಗೋಡೆ ಇತ್ತು.

ನಿನ್ನ
ಅಲಮೇಲು